ಸೂರಿನ ಕೆಳಗಿನ ಎರಡಡಿ

ಒಂದು ಮನೆ ಎಲ್ಲಿಗೆ ಮುಗಿಯುತ್ತದೆ? ಗೋಡೆಗೆ ಎಂದು ನೀವು ಹೇಳುವಿರಿ. ಬೆಂಗಳೂರಿನ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಿದವರಾದರೆ ನಿಟ್ಟುಸಿರು ಬಿಟ್ಟು, ‘ಪಕ್ಕದ ಮನೆಯವರ ಗೋಡೆಗೆ’ ಎನ್ನುವಿರಿ. ಮಳೆನಾಡಿನ ಹಳಬರನ್ನು ಕೇಳಿದ್ದರೆ ಅವರ ಉತ್ತರ ಬೇರೆ. ಅವರು ಜಗಲಿಯಿಂದ ಅಂಗಳಕ್ಕೆ ಇಳಿದು, ನೆಲದಲ್ಲಿ ಸಾಲಾಗಿ ಬಿದ್ದಿರುವ ಸಣ್ಣ ಸಣ್ಣ ಕುಳಿಗಳನ್ನು ತೋರಿಸುತ್ತಿದ್ದರು. ಸೂರಿನ ನೀರು ಬಿದ್ದು ಬಿದ್ದು ಆದ ಕುಳಿಗಳು. ಮಳೆ ನಿಂತು ಆರು ತಿಂಗಳಾದರೂ, ಅಂಗಳಕ್ಕೆ ಸೆಗಣಿ ಸಾರಿಸಿದರೂ, ಆ ಸಾಲು ಮಾಸುತ್ತಿರಲಿಲ್ಲ. ಅಲ್ಲಿಯವರೆಗೆ ಮನೆ, ಅದರಾಚೆಗೆ ಊರು.

ನನಗೆ ಇದು ನೆನಪಾದದ್ದು ಒಂದು ಇಂಗ್ಲಿಷ್ ಪದದ ದೆಸೆಯಿಂದ. ‘ಈವ್ಸ್‌ಡ್ರಾಪ್’ ಎಂಬ ಪದ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಪತ್ತೇದಾರಿ ಕಾದಂಬರಿಗಳಲ್ಲಂತೂ ಅಧ್ಯಾಯಕ್ಕೊಮ್ಮೆ ಬರುತ್ತದೆ. ಮರೆಯಲ್ಲಿ ನಿಂತು ಪರರ ಮಾತನ್ನು ಕದ್ದು ಕೇಳುವುದು ಎಂದು ಅದರ ಅರ್ಥ. ಪದವನ್ನು ಬಿಡಿಸಿದರೆ ಎರಡು ತುಂಡು: ‘ಈವ್ಸ್’ ಎಂದರೆ ಸೂರು, ‘ಡ್ರಾಪ್’ ಎಂದರೆ ಹನಿ. ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಸಂಬಂಧ ಕಲ್ಪಿಸಬಹುದು, ಉಪ್ಪಿನಕಾಯಿಯ ಭರಣಿಯಾದರೂ ಇದೆ. ಸೂರಿಗೂ ಹನಿಗೂ ಕಳ್ಳಕಿವಿಗೂ ಎಲ್ಲಿಂದೆಲ್ಲಿಯ ನಂಟು? ಕಾಲೇಜಿನಲ್ಲಿ ಓದುವ ಹುಡುಗನೊಬ್ಬನನ್ನು ಕೇಳಿದೆ. ‘ಮಾಡಿನ ಅಂಚಿಗೆ ಜೋತುಬಿದ್ದು ಕೇಳುತ್ತಿದ್ದವನು ಕೈ ಜಾರಿ ತೊಪ್ಪೆಂದು ಬಿದ್ದಿರಬೇಕು’ ಎಂದ. ಊಹೆ ಸೊಗಸಾಗಿದೆ. ಅಂಥ ಕಳ್ಳನೇನಾದರೂ ಇದ್ದಿದ್ದರೆ ಅವನಿಗೆ ತಕ್ಕ ಶಿಕ್ಷೆಯೂ ಆಗಿಹೋಯಿತು.

ಇಂಗ್ಲಿಷರೇನೂ ಇಂಥ ಊಹೆಗಳಲ್ಲಿ ನಮಗಿಂತ ಹಿಂದಿಲ್ಲ. ಲಂಡನ್ನಿನ ಹತ್ತಿರ ಹ್ಯಾಂಪ್ಟನ್ ಕೋರ್ಟ್ ಎಂಬ ಅರಮನೆಯಿದೆ. ಎಂಟನೆಯ ಹೆನ್ರಿ ದೊರೆ 1530ರ ದಶಕದಲ್ಲಿ ಅಲ್ಲಿ ಒಂದು ದೊಡ್ಡ ಸಭಾಂಗಣ ಕಟ್ಟಿಸಿದ. ಅದರ ಮರದ ಮಾಡಿನಲ್ಲಿ ಕೆಳಗಿನವರನ್ನು ನೋಡುತ್ತಿರುವ ಸಣ್ಣ ಸಣ್ಣ ಮುಖಗಳನ್ನು ಕೆತ್ತಿ ಬಣ್ಣ ಬಳಿದಿದ್ದಾರೆ. ಇಲ್ಲಿ ಆಡಿದ ಮಾತೆಲ್ಲ ದೊರೆಯ ಕಿವಿಗೆ ಮುಟ್ಟುತ್ತದೆ, ಎಚ್ಚರ, ಎಂದು ಆಸ್ಥಾನಿಕರಿಗೆ ಹೇಳುವ ಹಾಗೆ. ಆರು ಹೆಂಡಿರಲ್ಲಿ ಇಬ್ಬರ ತಲೆ ಕಡಿಸಿದ ದೊರೆಯ ಮನೆಯಲ್ಲಿ ಈ ಎಚ್ಚರಿಕೆ ಅನಗತ್ಯವೆಂದು ಯಾರೂ ಹೇಳಲಾರರು. ಆ ಮುಖಗಳಿಂದಲೇ ಈ ಪದ ಹುಟ್ಟಿತು ಎಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆಗೆ ಇರುವ ಕೊರತೆ ಒಂದೇ: ಪದ ಅರಮನೆಗಿಂತ ಹಳೆಯದು. 1487ರಷ್ಟು ಹಿಂದೆಯೇ ನಾಟಿಂಗ್‌ಹ್ಯಾಮ್ ಪಟ್ಟಣದ ದಾಖಲೆಗಳಲ್ಲಿ ಒಬ್ಬಾತನನ್ನು ‘ಈವ್ಸ್‌ಡ್ರಾಪರ್’ ಎಂದು ದೂರಿ ಬರೆದಿದ್ದಾರೆ. ಆಗ ಎಂಟನೆಯ ಹೆನ್ರಿ ಇನ್ನೂ ಹುಟ್ಟಿರಲಿಲ್ಲ.

ನಿಜವಾದ ಹುಟ್ಟು ತಿಳಿಯಬೇಕಾದರೆ ಅದಕ್ಕೂ ಆರು ನೂರು ವರ್ಷ ಹಿಂದೆ ಹೋಗಬೇಕು. ಕ್ರಿ. ಶ. 868. ನಮ್ಮಲ್ಲಿ ನೃಪತುಂಗ ಆಳುತ್ತಿದ್ದ ಕಾಲ. ಇಂಗ್ಲೆಂಡಿನ ಕೆಂಟ್ ನಾಡಿನಲ್ಲಿ, ಕ್ಯಾಂಟರ್‌ಬರಿಯ ಒಂದು ಆಸ್ತಿಯ ವಿಚಾರವಾಗಿ ಬರೆದ ಪತ್ರವೊಂದು ಉಳಿದುಕೊಂಡಿದೆ. ಊರಿನ ರೂಢಿಯ ಕಾನೂನಿನಂತೆ ಪಕ್ಕದ ಜಾಗಕ್ಕೆ ಎರಡು ಅಡಿ ಬಿಟ್ಟರೆ ಸಾಕು ಎಂದು ಅದು ಹೇಳುತ್ತದೆ. ಏತಕ್ಕೆ? ಸೂರಿನ ನೀರು ಬೀಳುವುದಕ್ಕೆ. ಆ ಪತ್ರದ ಹಳೆಯ ಇಂಗ್ಲಿಷಿನಲ್ಲಿರುವ ‘ಸೂರುಹನಿ’ ಎಂಬ ಮಾತೇ ಇಂದಿನ ‘ಈವ್ಸ್‌ಡ್ರಾಪ್’ನ ಮುತ್ತಜ್ಜಿ. ಅದರಲ್ಲಿ ಕಳ್ಳನಿಲ್ಲ, ಕಿವಿಯಿಲ್ಲ, ಗುಟ್ಟಿಲ್ಲ. ಇರುವುದು ನೀರು, ಮತ್ತು ನೀರು ಬೀಳುವ ಎರಡಡಿ ನೆಲ.

ಈ ಎರಡಡಿಯ ಹಿಂದಿನ ವಿವೇಕ ನಮಗೆ ಕೂಡಲೇ ಅರ್ಥವಾಗಬೇಕು. ಮರದ ಚೌಕಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಮಾಡು. ಗೋಡೆ ನೆನೆಯಬಾರದೆಂದು ಮಾಡನ್ನು ಹೊರಕ್ಕೆ ಚಾಚುತ್ತಾರೆ. ಹಾಗೆ ಚಾಚಿದ ಸೂರು ನನ್ನ ಗೋಡೆಯನ್ನೇನೋ ಕಾಯುತ್ತದೆ. ಆದರೆ ಅದರ ನೀರು ನಿಮ್ಮ ಗೋಡೆಯ ಬುಡಕ್ಕೆ ಬಿದ್ದರೆ ಎರಡು ಮಳೆಗಾಲದಲ್ಲಿ ನಿಮ್ಮ ಗೋಡೆ ಕುಸಿಯುತ್ತದೆ. ಆದ್ದರಿಂದ ನನ್ನ ನೀರು ನನ್ನ ನೆಲಕ್ಕೇ ಬೀಳಲಿ, ಅದಕ್ಕೆ ಬೇಕಾದಷ್ಟು ಜಾಗ ಬಿಟ್ಟು ಗೋಡೆ ಎಬ್ಬಿಸುತ್ತೇನೆ. ರೋಮನರ ಕಾನೂನಿನಲ್ಲೂ ಸೂರಿನ ನೀರಿಗೆ ಬೇರೆಯದೇ ಹೆಸರಿತ್ತು. ಪಕ್ಕದವನ ನೆಲದ ಮೇಲೆ ನೀರು ಬೀಳಿಸುವುದು ಅವರಲ್ಲಿ ಕೊಂಡು ಕೊಡಬಹುದಾದ ಒಂದು ಹಕ್ಕಾಗಿತ್ತು. ನೆರೆಹೊರೆಯ ಜಗಳ ಭೂಮಿಯ ಮೇಲೆ ಎಲ್ಲ ಕಡೆಯೂ ಒಂದೇ ಜಾತಿಯದೆಂದು ತೋರುತ್ತದೆ.

ಹೀಗೆ ಗೋಡೆಯಿಂದಾಚೆ, ಬೇಲಿಯಿಂದೀಚೆ ಒಂದು ವಿಚಿತ್ರವಾದ ನೆಲದ ಪಟ್ಟಿ ಹುಟ್ಟಿಕೊಂಡಿತು. ಅದು ಮನೆಯ ಒಳಗಲ್ಲ. ಹಾಗೆಂದು ಬೀದಿಯೂ ಅಲ್ಲ. ಅಲ್ಲಿ ಮನೆಯವರು ಓಡಾಡುವುದಿಲ್ಲ, ಪರರು ಓಡಾಡಕೂಡದು. ಒಬ್ಬನೇ ಒಬ್ಬ ಮನುಷ್ಯನಿಗೆ ಮಾತ್ರ ಅದು ಹೇಳಿ ಮಾಡಿಸಿದ ಜಾಗ. ಕಿಟಕಿಗೆ ಹತ್ತಿರ, ಸೂರಿನ ನೆರಳಿನ ಕತ್ತಲೆ, ಬೆನ್ನಿಗೆ ಗೋಡೆ. ನೀರಿಗೆಂದು ಬಿಟ್ಟ ಜಾಗದಲ್ಲಿ ಅವನು ಬಂದು ನಿಂತ; ನೀರಿನ ಹೆಸರನ್ನು ಹೊತ್ತುಕೊಂಡು ಹೋದ.

ನಮ್ಮ ವ್ಯಾಕರಣದ ಪಂಡಿತರ ಕೈಗೆ ಈ ಪದ ಸಿಕ್ಕಿದ್ದರೆ ಒಳ್ಳೆಯ ಚರ್ಚೆಯಾಗುತ್ತಿತ್ತು. ಮೊದಲು ಇದು ಸೀದಾ ತತ್ಪುರುಷ ಸಮಾಸ: ಸೂರಿನ ಹನಿ. ಕಾಲಕ್ರಮದಲ್ಲಿ ಸೂರೂ ಹೋಗಿ, ಹನಿಯೂ ಹೋಗಿ, ಎರಡೂ ಅಲ್ಲದ ಮೂರನೆಯವನೊಬ್ಬನನ್ನು ಪದ ಹೇಳತೊಡಗಿತು. ಅನ್ಯಪದಾರ್ಥ ಪ್ರಧಾನವಾದದ್ದು ಬಹುವ್ರೀಹಿ ಎಂದು ನಮಗೆ ಬೆತ್ತ ಹಿಡಿದು ಕಲಿಸಿದ್ದರು. ಅರ್ಥ ಪದದ ಹೊರಗೆ ನಿಂತಿರುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕೀತೇ? ಇಲ್ಲಿ ಅರ್ಥ ನಿಜವಾಗಿಯೂ ಕಿಟಕಿಯ ಹೊರಗೆ ನಿಂತಿದೆ, ಕಿವಿ ನೆಟ್ಟುಕೊಂಡು.

ಇನ್ನೊಂದು ತಮಾಷೆ. ‘ಈವ್ಸ್‌ಡ್ರಾಪರ್’ ಎಂಬ ಕರ್ತೃ ಹದಿನೈದನೆಯ ಶತಮಾನದವನು. ‘ಈವ್ಸ್‌ಡ್ರಾಪ್’ ಎಂಬ ಕ್ರಿಯಾಪದ ಕಾಣಿಸಿಕೊಂಡದ್ದು ಹದಿನೇಳನೆಯ ಶತಮಾನದ ಮೊದಲಲ್ಲಿ. ಮೊದಲು ಮನುಷ್ಯ, ಆಮೇಲೆ ಅವನ ಕೆಲಸ. ಇಂಗ್ಲಿಷಿನಲ್ಲಿ ‘ಎಡಿಟರ್’ ಎಂಬುದೂ ಹೀಗೆಯೇ: ಎಡಿಟರು ಮೊದಲು ಬಂದರು, ಎಡಿಟ್ ಮಾಡುವುದು ಆಮೇಲೆ ಬಂತು. ಈ ಪುರವಣಿಯ ಸಂಪಾದಕರು ಈ ವಾಕ್ಯವನ್ನು ಉಳಿಸುವರೋ ಇಲ್ಲವೋ ನೋಡಬೇಕು. ‘ಈವ್ಸ್’ನ ಗತಿಯೂ ಇಂಥದೇ. ಅದು ಮೊದಲಿಗೆ ಏಕವಚನ. ಕೊನೆಯ ಸಕಾರ ಪದದ್ದೇ. ಅದನ್ನು ಬಹುವಚನದ ಗುರುತೆಂದು ತಿಳಿದ ಜನ ಸಕಾರವನ್ನು ಕಿತ್ತು ‘ಈವ್’ ಎಂಬ ಹೊಸ ಏಕವಚನವನ್ನು ಮಾಡಿಕೊಂಡರು. ಇದ್ದ ಸೂರಿನಿಂದ ಒಂದು ಹಂಚು ಕಿತ್ತು ಇನ್ನೊಂದು ಸೂರು ಮಾಡಿದ ಹಾಗೆ.

ನಮ್ಮ ‘ಸೂರು’ ಇದಕ್ಕಿಂತ ಉದಾರವಾದ ಪದ. ಅಂಚಿನ ಹೆಸರಾಗಿದ್ದದ್ದು ಈಗ ಮನೆಯ ಹೆಸರೇ ಆಗಿದೆ. ‘ತಲೆಯ ಮೇಲೊಂದು ಸೂರು’ ಎಂದರೆ ನಮಗೆ ಮನೆ. ಬಡವರಿಗೆ ಸೂರು ಒದಗಿಸುವ ಮಾತನ್ನು ಸರ್ಕಾರಗಳು ವರ್ಷ ವರ್ಷವೂ ಆಡುತ್ತವೆ; ಕಟ್ಟಿಸುವ ಮನೆಗಳಿಗೆ ಸೂರೇ ಇರುವುದಿಲ್ಲ, ಅದು ಬೇರೆ.

ಇರಲಿ. ಆ ಕತ್ತಲೆಯಲ್ಲಿ ನಿಂತವನ ಕಡೆಗೆ ಬರೋಣ. ಅವನು ಮಾಡಿದ ತಪ್ಪಾದರೂ ಏನು? ಹಳೆಯ ಇಂಗ್ಲೆಂಡಿನ ಊರೂರಿನ ನ್ಯಾಯಸಭೆಗಳಲ್ಲಿ ಇಂಥವರನ್ನು ಹಿಡಿದು ತಂದು ನಿಲ್ಲಿಸುತ್ತಿದ್ದರು, ಸಣ್ಣಪುಟ್ಟ ಜುಲ್ಮಾನೆ ಹಾಕುತ್ತಿದ್ದರು. ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಪಂಡಿತ 1769ರಲ್ಲಿ ಪ್ರಕಟವಾದ ತನ್ನ ಕಾನೂನು ವ್ಯಾಖ್ಯಾನದ ನಾಲ್ಕನೆಯ ಸಂಪುಟದಲ್ಲಿ ಈ ಅಪರಾಧವನ್ನು ವಿವರಿಸುತ್ತಾನೆ. ಅವನ ವಿವರಣೆಯಲ್ಲಿ ಎರಡು ಭಾಗಗಳಿವೆ. ಗೋಡೆಯ ಬುಡದಲ್ಲೋ ಕಿಟಕಿಯ ಕೆಳಗೋ ಸೂರಿನ ಕೆಳಗೋ ನಿಂತು ಕೇಳುವುದು ಒಂದು. ಕೇಳಿದ್ದನ್ನು ಹಿಡಿದು ಕೇಡಿನ ಕಥೆ ಕಟ್ಟುವುದು ಇನ್ನೊಂದು. ಈ ಎರಡನೆಯದನ್ನು ನಾವು ಮರೆತುಬಿಟ್ಟಿದ್ದೇವೆ. ಇಂದು ಪದದ ಅರ್ಥ ಕೇಳುವುದಕ್ಕೆ ನಿಂತುಹೋಗಿದೆ. ಹಳಬರಿಗೆ ಕೇಳಿದ್ದಕ್ಕಿಂತ ಕಟ್ಟಿದ್ದು ದೊಡ್ಡದು.

ನಮ್ಮ ಪುರಾಣದ ಕದ್ದು ಕೇಳಿದವನ ಗತಿಯೂ ಇದೇ. ಶಿವನು ಬಾಗಿಲು ಹಾಕಿಕೊಂಡು ಪಾರ್ವತಿಗೆ ಯಾರೂ ಕೇಳಿರದ ಕಥೆಗಳನ್ನು ಹೇಳುತ್ತಿದ್ದಾನೆ. ಹೊರಗೆ ನಂದಿಯ ಕಾವಲು. ಪುಷ್ಪದಂತನೆಂಬ ಗಣ ಯೋಗಬಲದಿಂದ ಕಾಣದಂತೆ ಒಳಗೆ ನುಸುಳಿ ಎಲ್ಲವನ್ನೂ ಕೇಳಿದ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನು ಬಚಾವಾಗುತ್ತಿದ್ದ. ಹೋಗಿ ಹೆಂಡತಿ ಜಯೆಗೆ ಹೇಳಿದ. ಜಯೆ ಪಾರ್ವತಿಯ ಮುಂದೆಯೇ ಆ ಕಥೆಯನ್ನು ಒಪ್ಪಿಸಿದಳು. ‘ಹೊಸ ಕಥೆಯೆಂದಿರಲ್ಲ, ಜಯೆಗೂ ಗೊತ್ತಿದೆ’ ಎಂದು ಪಾರ್ವತಿ ಸಿಡುಕಿದಾಗ ಗುಟ್ಟು ರಟ್ಟಾಯಿತು. ಪುಷ್ಪದಂತನಿಗೆ ಮನುಷ್ಯಜನ್ಮದ ಶಾಪ, ಅವನ ಪರವಾಗಿ ಬೇಡಿಕೊಂಡ ಮಾಲ್ಯವಂತನಿಗೂ ಅದೇ ಶಾಪ. ಈ ಮಾಲ್ಯವಂತನೇ ಗುಣಾಢ್ಯನಾಗಿ ಹುಟ್ಟಿ ಬೃಹತ್ಕಥೆಯನ್ನು ಬರೆದನೆಂದು ಕಥಾಸರಿತ್ಸಾಗರ ಹೇಳುತ್ತದೆ. ನಮ್ಮ ನಾಡಿನ ಬಹುದೊಡ್ಡ ಕಥಾರಾಶಿಯ ಮೂಲ ಒಂದು ಕದ್ದು ಕೇಳಿದ ಪ್ರಸಂಗ ಎಂಬುದನ್ನು ನೆನೆದರೆ ಕಥೆಗಾರರೆಲ್ಲ ಸ್ವಲ್ಪ ತಲೆ ತಗ್ಗಿಸಬೇಕಾದೀತು.

ಕನ್ನಡದಲ್ಲಿ ಕಿವಿಯ ಸಂಸಾರ ದೊಡ್ಡದು. ಕಿವಿಗೊಡುವುದು ಸಜ್ಜನಿಕೆ, ಕಿವಿ ಊದುವುದು ಚಾಡಿಕೋರತನ, ಹಿತ್ತಾಳೆ ಕಿವಿ ದೊಡ್ಡವರ ಖಾಯಿಲೆ. ನನಗೆ ಬಹಳ ಮೆಚ್ಚಿಗೆಯಾದ ಮಾತು ‘ಕಿವಿಗೆ ಬೀಳುವುದು’. ನಾನಾಗಿ ಕೇಳಲಿಲ್ಲ, ತಾನಾಗಿ ಬಿತ್ತು. ಸೂರಿನ ಹನಿಯ ಹಾಗೆ. ಒತ್ತಾಗಿ ಮನೆಗಳಿರುವ ವಠಾರದಲ್ಲಿ ಬೆಳೆದವರಿಗೆಲ್ಲ ಇದು ಗೊತ್ತು. ಪಕ್ಕದ ಮನೆಯ ಸಂಬಳ, ಸಾಲ, ಸೊಸೆಯ ಮೇಲಿನ ಸಿಟ್ಟು ಎಲ್ಲ ಬೇಡವೆಂದರೂ ಕಿವಿಗೆ ಬೀಳುತ್ತಿದ್ದವು. ಬಿದ್ದದ್ದನ್ನು ಬೀಳದ ಹಾಗೆ ಇರುವುದೇ ವಠಾರದ ಮರ್ಯಾದೆ. ಇಂದು ಪತ್ರಿಕೆಗಳು ಬಳಸುವ ‘ಕದ್ದಾಲಿಕೆ’ ಇದಕ್ಕೆ ನೇರ ಎದುರು. ಇಂಗ್ಲಿಷ್ ಪದ ಕೇಳುವವನು ನಿಂತ ಜಾಗವನ್ನು ಹೇಳುತ್ತದೆ. ಕನ್ನಡ ಪದ ಅವನು ಮಾಡಿದ ಕೆಲಸವನ್ನು ಹೇಳುತ್ತದೆ, ಕಳವು ಎಂದು. ಕಳುವಾದದ್ದು ಏನು ಎಂದು ಕೇಳಿದರೆ ತೋರಿಸುವುದು ಕಷ್ಟ. ಮಾತು ಆಡಿದವನ ಬಳಿಯೇ ಇದೆಯಲ್ಲ? ಏನು ಕಳುವಾಗುತ್ತದೆಂಬುದನ್ನು ನಮ್ಮ ಮನೆಯಲ್ಲಿ ಒಮ್ಮೆ ನೋಡಿದ್ದೇವೆ.

ನಮ್ಮದು ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯ ರಥಬೀದಿಯ ಮನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರೂ, ಬೀದಿಯ ಎಲ್ಲ ಮನೆಗಳಿಗೂ ಹಂಚು ಏರಲು ಇನ್ನೂ ತೊಂಬತ್ತು ವರ್ಷ ಹಿಡಿಯಿತು. ನಮ್ಮ ಪಕ್ಕದ ಮನೆಯದು ಮುಳಿಹುಲ್ಲಿನ ಮಾಡು. ಎರಡು ಮನೆಗಳ ನಡುವೆ ಒಂದು ಸಂದಿ. ನಮ್ಮ ಸೂರಿನ ನೀರು, ಅವರ ಸೂರಿನ ನೀರು ಎರಡೂ ಅಲ್ಲಿ ಬಿದ್ದು ತೋಡಿನ ಕಡೆಗೆ ಹರಿಯಬೇಕು. 1955ರಲ್ಲಿ ಅವರು ಹುಲ್ಲು ತೆಗೆಸಿ ಹಂಚು ಹಾಕಿಸಿದಾಗ ಸೂರು ಒಂದು ಗೇಣು ಮುಂದೆ ಬಂತು. ಆ ವರ್ಷದ ಮಳೆಗೆ ನಮ್ಮ ಮಣ್ಣಿನ ಗೋಡೆಯ ಬುಡ ಕರಗಿತು. ಅಜ್ಜ ಅಡಕೆಯ ದಂಬೆ ಕಟ್ಟಿಸಿ ಎಂದರು. ನಿಮ್ಮ ಗೋಡೆಗೆ ನೀವು ಕಲ್ಲು ಕಟ್ಟಿಸಿಕೊಳ್ಳಿ ಎಂದು ಅವರು ಹೇಳಿದರು. ವ್ಯಾಜ್ಯ ಮುನಸೀಫ್ ಕೋರ್ಟಿಗೆ ಹೋಯಿತು. 1882ರ ಈಸ್‌ಮೆಂಟ್ ಕಾಯಿದೆ, ಇಪ್ಪತ್ತು ವರ್ಷದ ಅನುಭೋಗ, ಕಮಿಷನರು ಬಂದು ಟೇಪು ಹಿಡಿದು ಅಳೆಯುವುದು, ವಾಯಿದೆಯ ಮೇಲೆ ವಾಯಿದೆ. ಒಂದು ಗೇಣು ಸೂರಿಗಾಗಿ ಖರ್ಚಾದ ದುಡ್ಡಿನಲ್ಲಿ ಎರಡೂ ಮನೆಗೆ ಕಲ್ಲಿನ ಗೋಡೆ ಕಟ್ಟಿಸಬಹುದಾಗಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಅಜ್ಜನ ಮುಂದೆ ಅಲ್ಲ.

ವ್ಯಾಜ್ಯದ ನಡುವೆಯೇ, 1958ರ ಶ್ರಾವಣದಲ್ಲಿ, ಅತ್ತೆಗೆ ಒಂದು ಸಂಬಂಧ ಕೂಡಿಬಂತು. ನನ್ನ ತಂದೆಯ ತಂಗಿ. ಆಗ ಇಪ್ಪತ್ತೆರಡು ವರ್ಷ. ಹುಡುಗನ ಕಡೆಯವರು ಬಂದು ನೋಡಿ, ಒಪ್ಪಿ, ಜಾತಕವೂ ಹೊಂದಿದೆಯೆಂದು ಹೇಳಿಹೋಗಿದ್ದರು. ಆ ರಾತ್ರಿ ಅಜ್ಜಿ ಕೋಣೆಯಲ್ಲಿ ಅಜ್ಜನಿಗೆ ಹೇಳಿದ ಮಾತು ಇಷ್ಟು: ‘ಇದನ್ನು ಅವರಿಂದ ಮುಚ್ಚಿಟ್ಟು ಮದುವೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಾಳೆ ತಿಳಿದರೆ ಹುಡುಗಿಯ ಗತಿಯೇನು?’ ‘ಇದು’ ಎಂದರೆ ಅಡಕೆ ತೋಟದ ಅಡವು. ಕೋರ್ಟಿನ ಖರ್ಚಿಗೆಂದು ಅಜ್ಜ ತೋಟ ಅಡವಿಟ್ಟಿದ್ದರು. ಬೀಗರು ಕೇಳಿದರೆ ಹೇಳಬೇಕೇ, ತಾವಾಗಿಯೇ ಹೇಳಬೇಕೇ ಎಂಬುದು ಮಾತು. ತೋಟದ ಹೆಸರೂ ಆಮೇಲೆ ಬಂತು, ಅಡವಿನ ಮೊತ್ತವೂ ಬಂತು. ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ಹಂಚಿನ ಮೇಲೆ ಶ್ರಾವಣದ ಮಳೆ ಹೊಯ್ದರೆ ಪಕ್ಕದಲ್ಲಿ ಕುಳಿತವರ ಮಾತೇ ಕೇಳಿಸುವುದಿಲ್ಲ. ಸಂದಿಯಲ್ಲಿ, ಕಿಟಕಿಯ ಕೆಳಗೆ ನಿಂತಿದ್ದವರಿಗೆ ಮೊದಲ ಎರಡು ವಾಕ್ಯ ಮಾತ್ರ ಸಿಕ್ಕಿತು.

ಹತ್ತು ದಿನಕ್ಕೆ ಹುಡುಗನ ಕಡೆಯಿಂದ ಕಾರ್ಡು ಬಂತು: ಜಾತಕ ಕೂಡಿಬರಲಿಲ್ಲ. ಕೂಡಿಬಂದಿದ್ದ ಜಾತಕ ಹತ್ತು ದಿನದಲ್ಲಿ ಹೇಗೆ ಕೆಟ್ಟಿತೆಂದು ಅಜ್ಜ ಓಡಾಡಿ ವಿಚಾರಿಸಿದರು. ‘ಹುಡುಗಿಗೆ ಏನೋ ಇದೆಯಂತೆ, ಮನೆಯವರು ಮುಚ್ಚಿಡುತ್ತಿದ್ದಾರಂತೆ.’ ಏನು ಎಂದು ಯಾರೂ ಹೇಳಲಿಲ್ಲ. ಒಂದು ಕಾಯಿಲೆಯ ಹೆಸರು ಹೇಳಿದ್ದರೆ ವೈದ್ಯರ ಚೀಟಿ ತೋರಿಸಬಹುದಿತ್ತು. ‘ಏನೋ’ ಎಂಬುದಕ್ಕೆ ಚೀಟಿ ಕೊಡುವ ವೈದ್ಯರಿಲ್ಲ. ಮುಂದೆ ಬಂದ ಸಂಬಂಧಗಳಿಗೂ ಈ ‘ಏನೋ’ ನಮಗಿಂತ ಮುಂಚೆ ಹೋಗಿ ಕುಳಿತಿರುತ್ತಿತ್ತು.

ಅಜ್ಜನಿಗೆ ಅನುಮಾನ ಯಾರ ಮೇಲೆ ಎಂದು ಹೇಳಬೇಕಾಗಿಲ್ಲ. ಸಂದಿ ಇರುವುದು ಎರಡು ಮನೆಗಳ ನಡುವೆ. ಇನ್ನೊಂದು ಮನೆ ಪ್ರತಿವಾದಿಯದು. ಆದರೆ ಒಂದು ಸಂಜೆ ಆ ಪ್ರತಿವಾದಿಯೇ, ಮೂರು ವರ್ಷದಿಂದ ನಮ್ಮ ಮೆಟ್ಟಿಲು ಹತ್ತದಿದ್ದವರು, ಕೊಡೆ ಮಡಿಸಿ ಜಗಲಿಗೆ ಬಂದು ನಿಂತರು. ಕುಳಿತುಕೊಳ್ಳಲಿಲ್ಲ. ‘ಆ ರಾತ್ರಿ ನಿಮ್ಮ ಕಿಟಕಿಯ ಕೆಳಗೆ ನಿಂತದ್ದನ್ನು ನಾನು ಕಂಡಿದ್ದೇನೆ’ ಎಂದು ಒಂದು ಹೆಸರು ಹೇಳಿದರು. ದಿನವೂ ನಮ್ಮ ಮನೆಯಿಂದ ಮಜ್ಜಿಗೆ ಒಯ್ಯುತ್ತಿದ್ದ, ನಮಗೆ ದೂರದಿಂದ ನೆಂಟರೂ ಆಗಬೇಕಾದವರ ಹೆಸರು. ಅದು ಇಲ್ಲಿ ಬೇಡ. ‘ಸಾಕ್ಷಿ ಬೇಕಾದರೆ ನಾನು ಹೇಳುತ್ತೇನೆ’ ಎಂದರು. ಅಜ್ಜ ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಸೂರಿನ ವಿಷಯ?’ ಎಂದು ಕೇಳಿದರಂತೆ. ‘ಅದು ಬೇರೆ, ಇದು ಬೇರೆ’ ಎಂದು ಅವರು ಕೊಡೆ ಬಿಡಿಸಿ ಇಳಿದುಹೋದರು. ವ್ಯಾಜ್ಯ ಇನ್ನೂ ಐದು ವರ್ಷ ನಡೆಯಿತು, ಒಂದು ವಾಯಿದೆಯೂ ತಪ್ಪದೆ. ಆ ಮನುಷ್ಯನ ಮೇಲೆ ನನಗಿರುವ ಗೌರವ ಅಂದಿನಿಂದ ಇಂದಿನವರೆಗೆ ಕಡಿಮೆಯಾಗಿಲ್ಲ.

ಅತ್ತೆ ಮದುವೆಯಾಗಲಿಲ್ಲ. ಟ್ರೈನಿಂಗ್ ಮುಗಿಸಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದರು. ಈ ಪ್ರಸಂಗವನ್ನು ಅವರ ಬಾಯಿಂದ ನಾನು ಒಮ್ಮೆಯೂ ಕೇಳಿದ್ದಿಲ್ಲ. ನನಗೆ ಹೇಳಿದವರು ಅಜ್ಜಿ. ಅತ್ತೆಯಲ್ಲಿ ನಾನು ಕಂಡದ್ದು ಒಂದು ಅಭ್ಯಾಸ ಮಾತ್ರ. ಒಳಗೆ ಯಾರಾದರೂ ಮಾತಾಡುತ್ತಿದ್ದರೆ ಅವರು ಬಾಗಿಲಿಗೆ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು, ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲನ್ನು ಝಣಝಣ ಅಲ್ಲಾಡಿಸಿ, ಆಮೇಲೆ ಒಳಗೆ ಬರುತ್ತಿದ್ದರು. ಚಿಕ್ಕ ಮಕ್ಕಳ ಕೋಣೆಯಾದರೂ ಅಷ್ಟೇ. ಮುಂದೆ ಮನೆಗೆ ಟೆಲಿಫೋನ್ ಬಂದಾಗ, ಅದು ಬಡಿದ ಕೂಡಲೇ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು, ಕರೆ ಯಾರಿಗಾದರೂ ಬಂದಿರಲಿ.

ಟೆಲಿಫೋನಿನಿಂದ ಈ ಪದಕ್ಕೆ ಹೊಸ ತೊಡಕು ಬಂತು. ತಂತಿಯಲ್ಲಿ ಹೋಗುವ ಮಾತನ್ನು ಕೇಳುವವನು ಯಾರ ಸೂರಿನ ಕೆಳಗೂ ನಿಲ್ಲಬೇಕಾಗಿಲ್ಲ. ಅಮೆರಿಕದಲ್ಲಿ ಪಾನನಿಷೇಧ ಇದ್ದ ಕಾಲದಲ್ಲಿ ಓಮ್‌ಸ್ಟೆಡ್ ಎಂಬ ಮದ್ಯದ ವ್ಯಾಪಾರಿಯ ಮಾತನ್ನು ಅಧಿಕಾರಿಗಳು ಬೀದಿಯ ತಂತಿಗೆ ತಂತಿ ಜೋಡಿಸಿ ಕೇಳಿದರು. 1928ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದರಲ್ಲಿ ಸಂವಿಧಾನದ ಉಲ್ಲಂಘನೆಯಿಲ್ಲ ಎಂದು ತೀರ್ಪು ಕೊಟ್ಟಿತು. ಏಕೆಂದರೆ ಅವರು ಯಾರ ಮನೆಯೊಳಗೂ ಕಾಲಿಟ್ಟಿರಲಿಲ್ಲ. ಸಾವಿರ ವರ್ಷದ ಹಿಂದಿನ ಆ ಎರಡಡಿಯೇ ಇನ್ನೂ ನ್ಯಾಯಾಧೀಶರ ಕಣ್ಣಮುಂದೆ ಇತ್ತು: ಪಟ್ಟಿಯೊಳಗೆ ಬಂದರೆ ತಪ್ಪು, ಆಚೆ ನಿಂತರೆ ಇಲ್ಲ. ಅದೇ ಕೋರ್ಟು 1967ರಲ್ಲಿ ಈ ಅಳತೆಯ ಟೇಪನ್ನು ಕೆಳಗಿಟ್ಟಿತು. ಕ್ಯಾಟ್ಜ್ ಎಂಬ ಜೂಜುಗಾರನೊಬ್ಬ ಲಾಸ್ ಏಂಜಲಿಸ್ಸಿನ ಸಾರ್ವಜನಿಕ ಟೆಲಿಫೋನ್ ಪೆಟ್ಟಿಗೆಯೊಳಗೆ ಮಾತಾಡುತ್ತಿದ್ದುದನ್ನು ಪೊಲೀಸರು ಹೊರಗಡೆ ಯಂತ್ರ ಅಂಟಿಸಿ ಕೇಳಿದ್ದರು. ಪೆಟ್ಟಿಗೆ ಅವನ ಮನೆಯಲ್ಲ, ನೆಲ ಅವನದಲ್ಲ, ಗೋಡೆ ಗಾಜಿನದು. ಆದರೂ ಅದು ತಪ್ಪು, ರಕ್ಷಣೆ ಇರುವುದು ಮನುಷ್ಯನಿಗೇ ಹೊರತು ಜಾಗಕ್ಕಲ್ಲ ಎಂದು ನ್ಯಾಯಾಧೀಶರು ಹೇಳಿದರು. ವಿಚಿತ್ರವೆಂದರೆ ಅದೇ 1967ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸೂರಿನ ಕೆಳಗೆ ನಿಂತು ಕೇಳುವ ಹಳೆಯ ಅಪರಾಧವನ್ನು ರದ್ದು ಮಾಡಿತು. ಅದೇ ಕಲಮಿನಲ್ಲಿ, ಬಾಯಿಬಡುಕಿಯಾಗಿರುವುದು, ರಾತ್ರಿ ಸುಮ್ಮನೆ ಅಲೆಯುವುದು, ಕಂಡಕಂಡವರ ಮೇಲೆ ದಾವೆ ಹೂಡಿಸುವುದು, ಇವಕ್ಕೂ ಅಪರಾಧಗಳ ಪಟ್ಟಿಯಿಂದ ಬಿಡುಗಡೆಯಾಯಿತು. ನಮ್ಮ ರಥಬೀದಿಯ ಅರ್ಧ ಜನ ಒಂದೇ ದಿನ ನಿರಪರಾಧಿಗಳಾಗುತ್ತಿದ್ದರು.

ನಮ್ಮ ನಾಡಿಗೂ ಈ ವಿಷಯದಲ್ಲಿ ಒಂದು ಪಾಲಿದೆ. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪದ ಗಲಾಟೆಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಟೆಲಿಫೋನಿನ ಮಾತೂ ಮನುಷ್ಯನ ಖಾಸಗಿ ಬದುಕಿನ ಭಾಗವೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ನಮ್ಮಲ್ಲಿ ಬಹುಮಂದಿ ಕಿವಿಯೇ ಕೇಳಿಸುವುದಿಲ್ಲವೆಂದು ಸುಮ್ಮನಿರುತ್ತೇವೆ.

ಇಷ್ಟೆಲ್ಲ ಆದಮೇಲೂ ನನ್ನ ಮನಸ್ಸು ಬ್ಲ್ಯಾಕ್‌ಸ್ಟನ್ನನ ಎರಡನೆಯ ಭಾಗಕ್ಕೇ ಹೋಗುತ್ತದೆ. ಇಂದು ಜೇಬಿನಲ್ಲಿರುವ ಫೋನು ಮಾತನ್ನೆಲ್ಲ ಮುದ್ರಿಸಿಕೊಳ್ಳಬಲ್ಲದು. ಮಳೆ ಬಂದರೂ ಅದಕ್ಕೆ ಎರಡನೆಯ ಅರ್ಧ ತಪ್ಪುವುದಿಲ್ಲ. ಆದರೂ ಊರಿಗೆಲ್ಲ ಹಂಚುವಾಗ ಜನ ಎರಡು ವಾಕ್ಯವನ್ನಷ್ಟೇ ಕತ್ತರಿಸಿ ಕಳಿಸುತ್ತಾರೆ. ಅಂದು ಮಳೆ ಮಾಡಿದ ಕೆಲಸವನ್ನು ಈಗ ಕೈಯಾರೆ ಮಾಡಬೇಕಾಗಿದೆ.

ರಥಬೀದಿಯ ಮನೆಯನ್ನು ನಾವು 1997ರಲ್ಲಿ ಮಾರಿದೆವು. ಕೊಂಡವರು ಎಂಜಿನಿಯರು, ಹಳೆಯದನ್ನು ಕೆಡವಿ ತಾರಸಿ ಮನೆ ಕಟ್ಟಿಸುವವರಿದ್ದರು, ನಕ್ಷೆಯೂ ತಯಾರಾಗಿತ್ತು. ಪಕ್ಕದ ಮನೆ ಅದಾಗಲೇ ತಾರಸಿಯಾಗಿ, ಅದರ ನೀರು ಕೊಳವೆಯಲ್ಲಿ ಇಳಿಯುತ್ತಿತ್ತು. ಪತ್ರ ಬರೆಯುವವನು ಹಳೆಯ ಕಾಗದಗಳನ್ನು ಎದುರಿಗಿಟ್ಟುಕೊಂಡು ಚಕ್ಕುಬಂದಿ ಓದಿದ: ‘ಉತ್ತರಕ್ಕೆ, ಸೂರುನೀರು ಬೀಳುವ ಎರಡೂವರೆ ಅಡಿ ಸಂದಿ ಸೇರಿ.’ ಎಂಜಿನಿಯರು ತಲೆಯೆತ್ತಿ, ‘ಎಲ್ಲಿಯ ಸೂರು? ಆ ಸಾಲು ಬೇಕೇ?’ ಎಂದರು. ಅತ್ತೆ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದರು. ಅವರ ಸಹಿಯೂ ಬೇಕಾಗಿತ್ತು. ‘ಇರಲಿ, ಬರೆಯಪ್ಪ’ ಎಂದರು. ಅವನು ಬರೆದ.